ಕಾರಿನ ಪ್ಲಗ್‌ನಿಂದ ವಿಮಾನ ಎಬ್ಬಿಸಿದ ಕಿಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾರಾಟ ಶಾಲೆಯ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಸ್ವೆಟರಿನ ತೋಳು ಮೊಣಕೈವರೆಗೆ ಏರಿಸಿಕೊಂಡು ಮೇಜಿನ ಮುಂದೆ ನಿಂತಿದ್ದಾರೆ ಕಿಡಿಯಕ್ಕ. ಮೇಜಿನ ಮೇಲೊಂದು ಮರದ ಹಲಗೆ, ಹಲಗೆಯಲ್ಲಿ ಎಂಟು ತೂತು, ತೂತಿಗೊಂದರಂತೆ ಸ್ಪಾರ್ಕ್ ಪ್ಲಗ್. ಎಲ್ಲವೂ ಕಾರಿನವು. ಆದರೆ ಇವು ಹೊರಟಿರುವುದು ವಿಮಾನದ ಎಂಜಿನ್ನಿಗೆ.

ನಾಲ್ಕನೆಯದನ್ನು ಎತ್ತಿಕೊಳ್ಳುವಾಗ ಅದು ಬೆರಳಿನಿಂದ ಜಾರಿ ಸಿಮೆಂಟಿನ ನೆಲದ ಮೇಲೆ ಟಣ್ಣೆನ್ನುತ್ತದೆ. ನೋಡಿದರೆ ಅದಕ್ಕೆ ಒಂದು ಗೀರೂ ಬಿದ್ದಿಲ್ಲ. ಆದರೂ ಕಿಡಿಯಕ್ಕ ಅದನ್ನು ಹೆಕ್ಕಿ ಬಾಗಿಲ ಬಳಿಯ ಡಬ್ಬಿಗೆ ಹಾಕಿ, ಹೊಸದೊಂದನ್ನು ರಟ್ಟಿನಿಂದ ಬಿಡಿಸುತ್ತಾರೆ.

"ಬಿದ್ದ ಪ್ಲಗ್ ಸತ್ತ ಹಾಗೆ ಲೆಕ್ಕ. ಒಳಗೆ ಪಿಂಗಾಣಿ ಕೂದಲೆಳೆಯಷ್ಟು ಸೀಳಿದ್ರೂ ಹೊರಗೆ ಗೊತ್ತಾಗಲ್ಲ. ರಸ್ತೇಲಿ ಕಾರು ನಿಂತ್ರೆ ಇಳಿದು ತಳ್ಳಬಹುದು. ಮೇಲೆ ಯಾರು ತಳ್ತಾರೆ?"

ಜಾರಿದ್ದಕ್ಕೆ ಕಾರಣವಿದೆ. ಇಂದು ಆಕೆಯ ಗಮನವೆಲ್ಲ ಬಾಗಿಲ ಕಡೆಗಿದೆ. ಇನ್ನೇನು ತಪಾಸಣೆಯ ಅಧಿಕಾರಿ ಬರುತ್ತಾರೆ. ಶೆಡ್ಡಿನ ಮೂಲೆಯಲ್ಲಿರುವ ಎರಡು ಸೀಟಿನ ಹಳದಿ ವಿಮಾನದ ಎಂಜಿನ್ ಅವರೆದುರು ತಡವರಿಸದೆ ಓಡಬೇಕು. ಓಡದಿದ್ದರೆ ಅದನ್ನು ಬಿಚ್ಚಿ ಮಾರಿಬಿಡುವುದೆಂದು ಮಾಲೀಕರು ತೀರ್ಮಾನಿಸಿಯಾಗಿದೆ.

ಮಾಲೀಕರೆಂದರೆ ಪೇಟೆಯ ಬೇಕರಿ ಯಜಮಾನರು. ಹಿಟ್ಟಿನ ಮೂಟೆಗಳ ಗೋದಾಮಿನಲ್ಲಿ, ಹಗಲು ಬ್ರೆಡ್ಡು ಸಂಜೆ ರೆಕ್ಕೆ ಎಂದು, ವರ್ಷಗಟ್ಟಲೆ ಕೂತು ಸ್ವಂತ ಕೈಯಿಂದ ಈ ವಿಮಾನ ಕಟ್ಟಿದವರು. ವಿಮಾನವೇನೋ ಎದ್ದು ನಿಂತು ಶಾಲೆಯ ಶೆಡ್ಡಿಗೂ ಬಂತು, ಎಂಜಿನ್ ಕೈಕೊಟ್ಟಿತು. ವಿಮಾನಕ್ಕೆಂದೇ ತಯಾರಾಗುವ ಪ್ಲಗ್‌ಗಳು ಇವರ ಹಳೆಯ ಎಂಜಿನ್ನಿನಲ್ಲಿ ಮತ್ತೆ ಮತ್ತೆ ಮಸಿ ಹಿಡಿದು, ತುದಿಯಲ್ಲಿ ಇಂಧನದೊಳಗಿನ ಸೀಸ ಸಣ್ಣ ಗುಂಡುಗಳಾಗಿ ಕೂತು, ಕಿಡಿ ಸಾಯುತ್ತಿತ್ತು. ಹೊಸದು ಬೇಕೆಂದರೆ ದೂರದಿಂದ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು. ಬಂದವೂ ಅದೇ ಹಾಡು ಹಾಡುತ್ತಿದ್ದವು.

ಕಾರಿನ ಪ್ಲಗ್ ಹಾಕಿ ನೋಡೋಣ ಎಂದದ್ದು ಕಿಡಿಯಕ್ಕ. ಹಾರಾಟ ಶಾಲೆಯಲ್ಲಿ ಆಕೆಯ ಕೆಲಸವೇ ಪ್ಲಗ್ ಬಿಚ್ಚುವುದು, ಉಜ್ಜುವುದು, ತುದಿಯ ಸಂದು ಅಳೆಯುವುದು, ಮತ್ತೆ ಬಿಗಿಯುವುದು. ಶಾಲೆಗೆ ಆರು ವಿಮಾನ, ಒಂದೊಂದಕ್ಕೆ ಎಂಟು ಪ್ಲಗ್. ಬಿಡುವು ಸಿಕ್ಕಿದ ದಿನ ಶೆಡ್ಡು ಗುಡಿಸುವುದೂ ಆಕೆಯ ಪಾಲಿಗೇ ಬರುತ್ತದೆ. ಸೇರಿದ ಹೊಸದರಲ್ಲಂತೂ ಕೈಗೆ ಕೊಟ್ಟಿದ್ದು ಪೊರಕೆ ಮಾತ್ರ. ಚಳಿಗೆ ಬೆರಳು ಬಿರಿದು ರಕ್ತ ಬರುತ್ತಿದ್ದ ಆ ದಿನಗಳನ್ನು ಆಕೆ ಹೇಳುವುದು ನಗುತ್ತಲೇ. "ಅಪ್ಪಂದು ಸ್ಕೂಟರ್ ಗ್ಯಾರೇಜು. ನಾನು ಹಲ್ಲುಜ್ಜೋದು ಕಲಿಯೋ ಮುಂಚೆ ಪ್ಲಗ್ ಉಜ್ಜೋದು ಕಲಿತೆ. ಪೊರಕೆ ಹಿಡಿದ್ರೂ ಕಣ್ಣು ಪ್ಲಗ್ ಮೇಲೇ ಇರ್ತಿತ್ತು."

ಶಾಲೆಯ ವಿಮಾನಗಳಿಗೆ ಮಂಜೂರಾತಿ ಕಾಗದದಲ್ಲಿ ಬರೆದ ಪ್ಲಗ್ ಬಿಟ್ಟು ಬೇರೆ ಹಾಕುವಂತಿಲ್ಲ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ, ತಪಾಸಣೆಯಲ್ಲಿ ಗೆದ್ದರೆ, ಹಾಕಬಹುದು. ಅದಕ್ಕೇ ಕಿಡಿಯಕ್ಕನ ಬಳಿ ಎರಡು ಮೇಜು, ಶಾಲೆಯ ಪ್ಲಗ್‌ಗಳಿಗೊಂದು, ಕಾರಿನವಕ್ಕೊಂದು. "ಅದರದ್ದು ಇದಕ್ಕೆ ತಾಗೋಕೂ ಬಿಡಲ್ಲ," ಎನ್ನುವಾಗ ದನಿ ಗಡುಸಾಗುತ್ತದೆ.

ಕಾರಿನ ಪ್ಲಗ್ ಸಪೂರ, ವಿಮಾನದ ಎಂಜಿನ್ನಿನ ತೂತು ದೊಡ್ಡದು. ನಡುವೆ ಕೂರುವ ಉಕ್ಕಿನ ಬಳೆಗಳನ್ನು ಕಡೆದುಕೊಟ್ಟವರು ಆಕೆಯ ಗಂಡ, ಲೇತ್ ಕೆಲಸದವರು. ಇನ್ನು ಬಿಗಿಯುವಾಗ ಹಾಕುವ ತಾಮ್ರದ ವಾಷರ್‌ಗಳು ಮೆತ್ತಗಾಗಬೇಕಲ್ಲ, ಅವನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕುವ ಕೆಲಸ ಮನೆಯ ಒಲೆಯ ಮೇಲೆಯೇ ನಡೆಯುತ್ತದೆ. ಅತ್ತೆಗೆ ಅದೊಂದು ದೊಡ್ಡ ತಕರಾರು. "ಬೇರೆಯವರ ಸೊಸೆಯಂದಿರು ಒಲೆ ಮೇಲೆ ಹಾಲಿಡ್ತಾರೆ. ನನ್ನ ಸೊಸೆ ಹಾಲು ಇಳಿಸಿ ತಾಮ್ರ ಇಡ್ತಾಳೆ," ಎಂದು ಬಂದವರಿಗೆಲ್ಲ ದೂರುತ್ತಾರೆ. ದೂರಿನೊಳಗೆ ಜಂಬ ಎಷ್ಟಿದೆ ಎಂದು ಕೇಳಿದವರಿಗೆಲ್ಲ ಗೊತ್ತು.

ಮೊದಲ ಪ್ರಯತ್ನ ನೆಲಕಚ್ಚಿತು. ಕಾರಿನ ಪ್ಲಗ್‌ಗಳಲ್ಲಿ ಬಿಸಿ ತಡೆಯುವ ಶಕ್ತಿಗೆ ಒಂದೊಂದು ನಂಬರು ಇರುತ್ತದೆ. ಅಪ್ಪನ ಗ್ಯಾರೇಜಿಗೆ ಬರುತ್ತಿದ್ದ ಕಂಪನಿಯಲ್ಲಿ ನಂಬರು ಚಿಕ್ಕದಾದಷ್ಟೂ ಪ್ಲಗ್ ತಂಪು, ಅಂದರೆ ಬಿಸಿಯನ್ನು ಬೇಗ ಹೊರಗೆ ಬಿಟ್ಟುಕೊಡುತ್ತದೆ. ವಿಮಾನದ ಎಂಜಿನ್ ಹೊತ್ತುಗಟ್ಟಲೆ ಪೂರ್ತಿ ಬಲದಲ್ಲಿ ದುಡಿಯುತ್ತದೆ, ತಂಪಿನದೇ ಬೇಕು ಎಂದು ಆಕೆ ಚಿಕ್ಕ ನಂಬರು ತಂದರು. ಆದರೆ ಈ ಸಲ ಕಂಪನಿ ಬೇರೆ, ಅಲ್ಲಿ ಲೆಕ್ಕ ತಲೆಕೆಳಗು. ನೆಲದ ಮೇಲೆ ಪೂರ್ತಿ ಓಡಿಸಿದಾಗ ಎಂಜಿನ್ ಕಾದು ಕೆಂಡವಾಗಿ ಗಡಗಡ ಬಡಿಯತೊಡಗಿತು. ನಿಲ್ಲಿಸಿ ಬಿಚ್ಚಿ ನೋಡಿದರೆ ಪಿಂಗಾಣಿಯ ತುದಿ ಬೆಳ್ಳಗೆ ಗುಳ್ಳೆಯೆದ್ದಿತ್ತು, ಒಳಗೆ ಪಿಸ್ಟನ್ನಿನ ತಲೆ ಅಲ್ಲಲ್ಲಿ ಕರಗಿಹೋಗಿತ್ತು.

ಕಿಡಿಯಕ್ಕ ರಟ್ಟಿನ ಮೇಲಿನ ನಂಬರು ಇನ್ನೊಮ್ಮೆ ಓದಿ ಬೇಕರಿಗೆ ನಡೆದರು. "ತಪ್ಪು ಎಂಜಿನ್‌ದಲ್ಲ ಅಣ್ಣ, ನಂದು," ಎಂದರು. ಕೈಯಲ್ಲಿದ್ದ ರಟ್ಟನ್ನು ಅವರ ಮುಂದಿಟ್ಟರು.

ಯಜಮಾನರು ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡರು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ಹೇಳಿದರು: "ಸಕ್ಕರೆ ಅಂತ ಉಪ್ಪು ಸುರಿದು ಒಂದು ದಿನದ ಕೇಕ್ ಪೂರ್ತಿ ಚೆಲ್ಲಿದೀನಿ ನಾನು. ಹಾಗಂತ ಒಲೆ ಆರಿಸಿದ್ನಾ? ಇನ್ನೊಂದೇ ಒಂದ್ಸಲ ನೋಡೋಣಕ್ಕ. ಆಗ್ಲಿಲ್ವಾ, ಮಾರಿಬಿಡ್ತೀನಿ. ನನ್ನ ಕೈಲೂ ಇನ್ನಾಗಲ್ಲ."

ಪಿಸ್ಟನ್ ಬದಲಾಯಿತು. ಕಿಡಿಯಕ್ಕ ಈ ಬಾರಿ ಯಾವ ನಂಬರನ್ನೂ ನಂಬಲಿಲ್ಲ. ತೀರಾ ತಂಪಿನ ಪ್ಲಗ್‌ನಿಂದ ಶುರುಮಾಡಿ ಎಂಜಿನ್ ಓಡಿಸುವುದು, ಓಡುತ್ತಿದ್ದಂತೆ ಗಕ್ಕನೆ ನಿಲ್ಲಿಸುವುದು, ಬಿಸಿ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುವುದು. ಕಪ್ಪಾದರೆ ತಂಪು ಹೆಚ್ಚು, ಬೆಳ್ಳಗಾದರೆ ಬಿಸಿ ಹೆಚ್ಚು. ಎರಡರ ನಡುವೆ ಬಿಸ್ಕತ್ತಿನ ಬಣ್ಣ ಬರಬೇಕು. "ಬಿಸ್ಕತ್ತಿನ ಬಣ್ಣ ನಂಗೆ ಹೇಳ್ಕೊಡ್ತೀಯಾ ತಾಯಿ?" ಎಂದು ಯಜಮಾನರು ನಕ್ಕಿದ್ದು ಬಹಳ ದಿನಗಳ ಮೇಲೆ ಅದೇ ಮೊದಲು.

ಈಗ ಅಧಿಕಾರಿ ಬಂದಿದ್ದಾರೆ. ವಿಮಾನವನ್ನು ಶೆಡ್ಡಿನ ಹೊರಗೆ ತಳ್ಳಿ ನಿಲ್ಲಿಸಿಯಾಗಿದೆ, ಎಂಟು ಪ್ಲಗ್‌ಗಳೂ ಎಂಜಿನ್ನಿನೊಳಗಿವೆ. ಯಜಮಾನರು ಸೀಟಿನಲ್ಲಿ ಬೆಲ್ಟು ಬಿಗಿದು ಕೂತು ಎಂಜಿನ್ ಶುರುಮಾಡಿದ್ದಾರೆ. ವಿಮಾನದ ಎಂಜಿನ್ನಿನಲ್ಲಿ ಕಿಡಿಗೆ ಎರಡು ಸಾಲು, ಒಂದು ಕೈಬಿಟ್ಟರೂ ಇನ್ನೊಂದು ಕಾಯುತ್ತದೆ. ಒಂದು ಸಾಲು ನಿಲ್ಲಿಸುತ್ತಾರೆ. ಎಂಜಿನ್ನಿನ ವೇಗ ತೋರಿಸುವ ಮುಳ್ಳು ಚೂರೇ ಚೂರು ಇಳಿದು ನಿಲ್ಲುತ್ತದೆ. ಇನ್ನೊಂದನ್ನು ನಿಲ್ಲಿಸಿದಾಗಲೂ ಅಷ್ಟೇ. ಆಮೇಲೆ ಪೂರ್ತಿ ಬಲ. ಶೆಡ್ಡಿನ ತಗಡೆಲ್ಲ ನಡುಗುತ್ತದೆ. ಕಿಡಿಯಕ್ಕ ಕಣ್ಣು ಮುಚ್ಚಿ ಸೆರಗಿನ ತುದಿ ಹಿಡಿದು ನಿಂತಿದ್ದಾರೆ. ಎಂಜಿನ್ ತಡವರಿಸುವುದಿಲ್ಲ.

"ನಿಲ್ಸಿ, ಪ್ಲಗ್ ಬಿಚ್ಚಿ," ಎನ್ನುತ್ತಾರೆ ಅಧಿಕಾರಿ. ಬಿಚ್ಚಿದ ಎಂಟರದ್ದೂ ಒಂದೇ ಬಣ್ಣ. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಪುನಃ ಹಲಗೆಯಲ್ಲಿಟ್ಟು, "ಇದನ್ನ ಹಾರಿಸದೆ ಇನ್ನೇನು ಮಾಡ್ತೀರಿ?" ಎನ್ನುತ್ತಾರೆ. ಯಜಮಾನರು ಇಳಿದವರೇ ಒಂದು ಪ್ಲಗ್ ಎತ್ತಿ, "ನೋಡ್ರಪ್ಪಾ, ನನ್ನ ಒಲೆಯಿಂದಲೇ ಬಂದಂಗಿದೆ!" ಎಂದು ಕೂಗಿ, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ.

ಅಂದು ಸಂಜೆ ಗಾಳಿ ತಗ್ಗಿದ ಮೇಲೆ ಹಳದಿ ವಿಮಾನ ನೆಲ ಬಿಡುತ್ತದೆ. ಶಾಲೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ, ಕಿಡಿಯಕ್ಕನ ಗಂಡ ಶಿಳ್ಳೆ ಹಾಕುತ್ತಾರೆ. ಕಿಡಿಯಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಾರೆ, ಅದನ್ನು ಅವರೇನೂ ಮುಚ್ಚಿಡುವುದಿಲ್ಲ.

ನಿಯಮದಂತೆ ಯಜಮಾನರು ಒಬ್ಬರೇ ಹಾರಬೇಕಾದ ಪರೀಕ್ಷೆಯ ಗಂಟೆಗಳೆಲ್ಲ ಮುಗಿದ ಮೇಲೆ, ಪಕ್ಕದ ಸೀಟಿಗೆ ಮೊದಲ ಕರೆ ಬಂದದ್ದು ಆಕೆಗೆ. ಇಷ್ಟು ವರ್ಷ ವಿಮಾನಗಳ ನಡುವೆ ದುಡಿದರೂ ಆಕೆ ಒಮ್ಮೆಯೂ ಹಾರಿದವರಲ್ಲ. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಲ್ಲಿಸಿ ಹೇಳಿದರು: "ಹೇಗೂ ಮೇಲೆ ಹೋಗ್ತೀಯಲ್ಲ, ತಾರಸಿ ಮೇಲಿನ ನೀರಿನ ಟ್ಯಾಂಕಿನ ಮುಚ್ಚಳ ಹಾಕಿದೆಯಾ ನೋಡ್ಕೊಂಡು ಬಾ."

ವಿಮಾನ ಎದ್ದಿತು, ಪೇಟೆಯ ಮೇಲೆ ಎರಡು ಸುತ್ತು ಹಾಕಿತು, ಇಳಿಯಿತು. ಅತ್ತೆ ಬೇಲಿಯ ಪಕ್ಕದಲ್ಲೇ ಕಾಯುತ್ತಿದ್ದರು.

"ಮುಚ್ಚಳ ಇತ್ತೇನೇ?"

"ನೋಡ್ಲೇ ಇಲ್ಲ ಅತ್ತೆ," ಎಂದರು ಕಿಡಿಯಕ್ಕ. ಕೆನ್ನೆ ಕೆಂಪಾಗಿತ್ತು, ಕೂದಲು ಕೆದರಿತ್ತು. "ಹತ್ತಿದಾಗಿಂದ ಇಳಿಯೋವರೆಗೂ ಕಿವಿ ಎಂಜಿನ್ ಮೇಲೇ ಇತ್ತು. ಒಂದೇ ಒಂದು ಕಿಡಿ ತಪ್ಪಲಿಲ್ಲ. ಮುಚ್ಚಳ ನೋಡೋಕೆ ಇನ್ನೊಂದ್ಸಲ ಹೋಗ್ಬೇಕು."