ಬೆಂಕಿಗೆ ಹಾಕಿದ ಬ್ಯೂಗಲ್

ಶಾಲೆಗಳಿಗೆ ಮೈಕು ಇನ್ನೂ ಬಂದಿರದ ಕಾಲ ಅದು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊಳೆನರಸೀಪುರದ ನಮ್ಮ ಮಿಡ್ಲ್ ಸ್ಕೂಲಿನಲ್ಲಿ ಹಬ್ಬವಾಗಲಿ, ಆಟೋಟವಾಗಲಿ, ಯಾರೋ ದೊಡ್ಡ ಮನುಷ್ಯರು ಬರಲಿ, ಎಲ್ಲಕ್ಕೂ ಮುಂದೆ ನಿಲ್ಲುತ್ತಿದ್ದದ್ದು ಬ್ಯಾಂಡ್ ಸೆಟ್ಟು. ಬ್ಯಾಂಡ್ ಸೆಟ್ಟು ಎಂದ ಕೂಡಲೇ ನೀವು ಏನೇನೋ ಊಹಿಸಿಕೊಳ್ಳಬೇಡಿ. ಹೊಟ್ಟೆಗೆ ಕಟ್ಟಿಕೊಂಡು ಬಡಿಯುವ ಒಂದು ದೊಡ್ಡ ಡ್ರಮ್ಮು, ಸೊಂಟಕ್ಕೆ ನೇತುಹಾಕಿಕೊಳ್ಳುವ ನಾಲ್ಕು ಸಣ್ಣ ಡ್ರಮ್ಮು, ಒಂದು ಜೊತೆ ತಾಳ, ಕಹಳೆಯಂತೆ ಊದುವ ಒಂದೇ ಒಂದು ಹಿತ್ತಾಳೆ ಬ್ಯೂಗಲ್. ಅರಕಲಗೂಡಿನವರ ಹತ್ತಿರ ಮೂರು ಬ್ಯೂಗಲ್ ಇವೆಯಂತೆ, ಚನ್ನರಾಯಪಟ್ಟಣದ ಹುಡುಗರಿಗೆ ಮೊಣಕಾಲಿನ ತನಕ ಬಿಳಿ ಕಾಲುಚೀಲ ಕೊಡುತ್ತಾರಂತೆ ಎಂದೆಲ್ಲ ಕೇಳಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆವು.

ಅದು ಅವರೆಕಾಯಿಯ ಕಾಲ. ಬೆಳಗಿನ ಹೊತ್ತು ಹೇಮಾವತಿಯಿಂದ ಎದ್ದ ಮಂಜು ಆಟದ ಬಯಲನ್ನೆಲ್ಲ ಮುಚ್ಚಿರುತ್ತಿತ್ತು. ಆ ತೇವಕ್ಕೆ ಡ್ರಮ್ಮಿನ ಚರ್ಮ ಸಡಿಲವಾಗಿ, ಬಡಿದರೆ ಒದ್ದೆ ಗೋಣಿಚೀಲ ಬಡಿದಂತೆ ಸದ್ದಾಗುತ್ತಿತ್ತು. ಅದಕ್ಕೇ ಪ್ರಾಕ್ಟೀಸಿಗೆ ಮುಂಚೆ ಹುಲ್ಲು, ತೆಂಗಿನ ಗರಿ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಡ್ರಮ್ಮಿನ ಮುಖಗಳನ್ನು ಕಾಯಿಸಿಕೊಳ್ಳುತ್ತಿದ್ದೆವು. ಬಿಸಿಯಾದ ಚರ್ಮದ ವಾಸನೆ, ನಮ್ಮ ಜೇಬಿನಲ್ಲಿದ್ದ ಹುರಿದ ಅವರೆಕಾಳಿನ ವಾಸನೆ, ಹೊಗೆ, ಎಲ್ಲ ಸೇರಿ ಹಸಿವು ಕೆರಳುತ್ತಿತ್ತು. ನಮಗೆ ಕಲಿಸುತ್ತಿದ್ದ ಡ್ರಿಲ್ ಮೇಷ್ಟ್ರು ಮಿಲಿಟರಿಯಲ್ಲಿದ್ದು ಬಂದವರು. ಅವರು ಬೂಟುಗಾಲಿನಲ್ಲಿ ಬೆಂಕಿ ತುಳಿದು ಆರಿಸಿದರೆಂದರೆ ಪ್ರಾಕ್ಟೀಸ್ ಶುರು.

ಬ್ಯೂಗಲ್ ಊದುವವನು ಚೆಲುವ. ನನ್ನದೇ ಊರಿನವನು, ನನ್ನದೇ ತರಗತಿ. ಊರಾಚೆಯ ಕೇರಿಯ ಹುಡುಗ, ಅಂದರೆ ಮುಟ್ಟಬಾರದವರೆಂದು ನಮ್ಮ ಊರು ದೂರವಿಟ್ಟಿದ್ದ ಜನರ ಮಗ. ಊರೊಳಗೆ ಅವನು ನನ್ನನ್ನು ‘ಚಿಕ್ಕಗೌಡ್ರೇ’ ಎನ್ನಬೇಕಿತ್ತು. ಗಡಿ ದಾಟಿ ಸ್ಕೂಲಿನ ದಾರಿ ಹಿಡಿದೆವೋ, ನಾನು ‘ಲೇ ರಂಗ’ ಆಗುತ್ತಿದ್ದೆ. ಈ ಏರ್ಪಾಡು ಯಾರೂ ಹೇಳಿಕೊಟ್ಟದ್ದಲ್ಲ, ನಮಗೆ ತಾನಾಗಿ ಬಂದದ್ದು.

ಚೆಲುವ ಊದಿದರೆ ಹೊಳೆಯಾಚೆ ಉಳುತ್ತಿದ್ದ ಎತ್ತುಗಳೂ ನಿಂತು ತಲೆ ಎತ್ತುತ್ತವೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಅದರಲ್ಲಿ ಸ್ವಲ್ಪ ಬುರುಡೆ ಇರಬಹುದು. ಆದರೆ ಅವನು ಮೊದಲ ಸಲ ಊದಿದ ದಿನ ನನ್ನ ಮೈ ಜುಮ್ಮೆಂದು, ಕೈಯಲ್ಲಿದ್ದ ಅವರೆಕಾಳು ಚೆಲ್ಲಿಹೋದದ್ದು ಸುಳ್ಳಲ್ಲ. ಅಷ್ಟು ಸಣಕಲು ಎದೆಯಿಂದ ಅಷ್ಟು ಉದ್ದದ ಸ್ವರ ಹೇಗೆ ಬಂತೋ! ಅದೇ ಬ್ಯೂಗಲಿಗೆ ಎರಡನೆಯ ಬ್ಯೂಗಲರ್ ನಾನು. ಗೌಡರ ಮೊಮ್ಮಗ ಎಂಬ ಒಂದೇ ಯೋಗ್ಯತೆಯ ಮೇಲೆ ಹೆಡ್ಮೇಷ್ಟ್ರು ನನ್ನನ್ನು ಸೇರಿಸಿದ್ದರು. ನಾನು ಊದಿದರೆ ಎಮ್ಮೆ ಕೆಮ್ಮಿದ ಹಾಗಿರುತ್ತಿತ್ತು.

ಆ ವರ್ಷ ಜನವರಿ ಇಪ್ಪತ್ತಾರಕ್ಕೆ ಹಾಸನದಲ್ಲಿ ಸುತ್ತಲಿನ ತಾಲ್ಲೂಕುಗಳ ಬ್ಯಾಂಡುಗಳನ್ನೆಲ್ಲ ಒಟ್ಟಿಗೆ ನಿಲ್ಲಿಸುವುದೆಂದಾಯಿತು. ಬಾವುಟ ಏರುವಾಗ ಬ್ಯೂಗಲ್ ಊದುವ ಪಾಳಿ ನಮ್ಮ ಸ್ಕೂಲಿಗೆ ಬಂತು. ಅಂದರೆ ಚೆಲುವನಿಗೆ. ಅವನು ಅದುವರೆಗೆ ಹಾಸನವನ್ನೇ ನೋಡಿರಲಿಲ್ಲ.

“ನಮ್ಮಪ್ಪ ನಡ್ಕಂಡೇ ಬತ್ತದಂತೆ ಕಣ್ಲಾ, ನಾನು ಊದದ್ನ ನೋಡಕೆ. ಮುಂಚಿನ ದಿನ್ವೇ ಒಂಟ್ಬುಡ್ತದಂತೆ,” ಎಂದ ದಾರಿಯಲ್ಲಿ. ಆಮೇಲೆ ಸುಮ್ಮನೆ ಬಾಯಲ್ಲೇ ಊದಿಕೊಂಡು ನಡೆದ. ಇನ್ನು ಎಂಟು ದಿನ ಇತ್ತು.

ಆ ಶನಿವಾರ ಬ್ಯೂಗಲ್ ಮನೆಗೆ ಒಯ್ಯುವ ಸರದಿ ನನ್ನದು. ಅದನ್ನು ನಮ್ಮ ಮನೆಗೆ ತಂದದ್ದು ಅದೇ ಮೊದಲು. ಜಗಲಿಯ ಮೇಲೆ ನಿಂತು ಎರಡು ಸಲ ಕೆಮ್ಮಿಸಿದೆ. ನಮ್ಮಜ್ಜಿಗೆ ಸಂತೋಷವೋ ಸಂತೋಷ. ನನ್ನನ್ನು ಸಾಕಿದ್ದೇ ಆಕೆ. ಬೈದವಳಲ್ಲ, ಹೊಡೆದವಳಲ್ಲ. ಬ್ಯೂಗಲನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:

“ಇದುಕ್ಕೆ ಇನ್ಯಾರ್ಯಾರು ಬಾಯಿಡ್ತಾರ್ಲಾ ಮಗಾ?”

“ನಾನು, ಚೆಲುವ. ಇಬ್ರೇ ಅಜ್ಜಿ.”

“ಯಾವ್ ಚೆಲುವ?”

“ನಮ್ ಚೆಲುವನೇ, ಆಚೆ ಕೇರಿಯವ್ನು. ಅವ್ನು ಊದದ್ನ ನೀನು ಕೇಳ್ಬೇಕು!”

ಅಜ್ಜಿ ಸಿಡುಕಲಿಲ್ಲ. ಕೂಗಾಡಲಿಲ್ಲ. ಬ್ಯೂಗಲನ್ನು ಮೆಲ್ಲಗೆ ನೆಲಕ್ಕಿಟ್ಟು, ಕೈ ತೊಳೆದುಕೊಂಡು ಬಂದಳು. “ಎಂಜ್ಲು ಅಲ್ವೇನೋ ಕಂದಾ, ಅದೂ ಅವ್ರ ಎಂಜ್ಲು. ಓಗ್ಲಿ ಬುಡು. ಮಡಕೆಯಾದ್ರೆ ಒಡ್ದಾಕ್ಬೇಕು. ಇತ್ತಾಳೆಗೇನು, ಉಣಸೆಣ್ಣಲ್ಲಿ ಉಜ್ಜಿ ಬೆಂಕಿ ತೋರ್ಸುದ್ರೆ ಸುದ್ದವಾಯ್ತದೆ. ಆಮ್ಯಾಕೆ ನೀನು ನಿಚ್ಚಿಂತೆಯಾಗಿ ಊದ್ಕಾ,” ಎಂದಳು.

ಹುಣಸೆಹಣ್ಣು ತಂದುಕೊಟ್ಟವನು ನಾನು. ಬೂದಿ ತಂದುಕೊಟ್ಟವನು ನಾನು. ಬಚ್ಚಲೊಲೆಯಲ್ಲಿ ಕೆಂಡ ಮಂಕಾಗಿದೆ ಎಂದಾಗ ಊದುಗೊಳವೆ ಹಿಡಿದು ನಿಗಿನಿಗಿ ಮಾಡಿದವನೂ ನಾನೇ. ಅಜ್ಜಿಯ ಮಾತು ತಪ್ಪೆಂದು ನನಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ತಟ್ಟೆ ಚೊಂಬುಗಳಿಗೆ ಹಾಗೆ ಮಾಡುವುದನ್ನು ಹುಟ್ಟಿದಂದಿನಿಂದ ನೋಡಿದ್ದೆ. ಡ್ರಮ್ಮು ದಿನಾ ಬೆಂಕಿ ಕಾಯಿಸಿಕೊಳ್ಳುತ್ತದೆ, ಬ್ಯೂಗಲ್ ಒಂದು ದಿನ ಕಾಯಿಸಿಕೊಂಡರೇನು ಎಂದುಕೊಂಡೆನೋ ಏನೋ. ಆ ದಿನ ಬೆಳಿಗ್ಗೆ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆದವನು, ಸಂಜೆ ಅವನ ಬಾಯಿ ಮುಟ್ಟಿದ್ದನ್ನು ಸುಡಲು ಕೆಂಡ ಊದುತ್ತಿದ್ದೆ. ಎರಡೂ ಒಂದೇ ಹುಡುಗ ಮಾಡಿದ್ದು ಎಂದು ನೆನೆದರೆ ಇವತ್ತಿಗೂ ನನಗೆ ಗರ ಬಡಿದಂತಾಗುತ್ತದೆ.

ಅಜ್ಜಿ ಇಕ್ಕಳದಲ್ಲಿ ಹಿಡಿದು ಬ್ಯೂಗಲನ್ನು ಕೆಂಡದ ಮೇಲಿಟ್ಟಳು. “ಒಸಿ ಒತ್ತು ಇರ್ಲಿ, ಚೆನ್ನಾಗಿ ಓಗ್ಲಿ,” ಎಂದು ಅವರೆಕಾಯಿ ಸುಲಿಯಲು ಕೂತಳು. ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಒಲೆಯಲ್ಲಿ ಠಣ್ ಎಂದಿತು. ಹೋಗಿ ನೋಡಿದರೆ, ಊದುವ ತುದಿ ಕಳಚಿ ಬೂದಿಯಲ್ಲಿ ಬಿದ್ದಿದೆ. ಅಗಲ ಬಾಯಿ ಒಂದು ಕಡೆ, ಸುತ್ತು ಕೊಳವೆ ಒಂದು ಕಡೆ. ಬೆಸುಗೆಯೆಲ್ಲ ಕರಗಿ, ಬೆಳ್ಳಗೆ ಹನಿಹನಿಯಾಗಿ ಕೆಂಡದ ಮೇಲೆ ಹೊರಳಾಡುತ್ತಿತ್ತು. ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯೋ ಸಿವನೇ! ನಿಂಗೊಳ್ಳೇದಾಗ್ಲಿ ಅಂತ ಮಾಡುದ್ನಲ್ಲೋ ಮಗಾ,” ಎಂದು ಅತ್ತೇಬಿಟ್ಟಳು. ನಿಜವಾಗಿಯೂ ಅತ್ತಳು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಅಂದೂ ಆಗಲಿಲ್ಲ, ಈಗಲೂ ಆಗುತ್ತಿಲ್ಲ.

ಸೋಮವಾರ ಮೂರು ತುಂಡುಗಳನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೋದೆ. ದಾರಿಯಲ್ಲಿ ಚೆಲುವ ಸಿಗಬಾರದೆಂದು ಬೇಗ ಹೊರಟಿದ್ದೆ. ಕೈಜಾರಿ ಬಿತ್ತು ಎಂದು ಹೇಳುವುದೆಂದು ಹತ್ತು ಸಲ ಗಟ್ಟಿ ಮಾಡಿಕೊಂಡಿದ್ದೆ. ಬಯಲಿನಲ್ಲಿ ಎಲ್ಲರ ಮುಂದೆ ಮೇಷ್ಟ್ರು ಗಂಟು ಬಿಚ್ಚಿದರು.

“ಬಿದ್ದೋಯ್ತು ಸಾ.”

ಮೇಷ್ಟ್ರು ತುಂಡನ್ನು ಬೆಳಕಿಗೆ ಹಿಡಿದರು. ಹಿತ್ತಾಳೆ ಕಪ್ಪು, ನೀಲಿ, ಕೆಂಪಾಗಿತ್ತು. ಮೂಸಿ ನೋಡಿದರು. “ಇದು ಬಿದ್ದದ್ದಲ್ಲ. ಬೆಂದದ್ದು,” ಎಂದರು.

ಅಷ್ಟೇ. ಅವರು ಯಾಕೆಂದು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಹಿತ್ತಾಳೆಯನ್ನು ಯಾವಾಗ ಬೆಂಕಿಗೆ ಹಾಕುತ್ತಾರೆ ಎಂಬುದು ಅಲ್ಲಿದ್ದ ಎಂಟೂ ಹುಡುಗರಿಗೆ ಗೊತ್ತಿತ್ತು. ಎಲ್ಲರ ಮನೆಯಲ್ಲೂ ಹುಣಸೆಹಣ್ಣಿತ್ತು, ಎಲ್ಲರ ಮನೆಯಲ್ಲೂ ಒಲೆ ಇತ್ತು. ಒಬ್ಬೊಬ್ಬರೇ ತಿರುಗಿ ಚೆಲುವನನ್ನು ನೋಡಿದರು. ಅವನು ಬ್ಯೂಗಲಿನ ಊದುವ ತುದಿಯನ್ನೇ ನೋಡುತ್ತಿದ್ದ. ಅವನಿಗೆ ನಮ್ಮೆಲ್ಲರಿಗಿಂತ ಮೊದಲೇ ತಿಳಿದಿತ್ತು.

ಮೇಷ್ಟ್ರು ಅದೇ ದಿನ ಪೇಟೆಯ ಕಲಾಯಿ ಸಾಬರ ಹತ್ತಿರ ನನ್ನನ್ನೇ ಕರೆದುಕೊಂಡು ಹೋದರು. “ಯಾರಪ್ಪಾ ಇದ್ನ ಬೇಯ್ಸಿದ್ದು? ಆಲೂಗೆಡ್ಡೆನಾ ಇದು?” ಎಂದು ಸಾಬರು ನಕ್ಕರು. ಮೇಷ್ಟ್ರು ನಗಲಿಲ್ಲ. ಎರಡು ದಿನದಲ್ಲಿ ಸಾಬರು ಬೆಸುಗೆ ಹಾಕಿ ಕೊಟ್ಟರು. ದನಿ ಸ್ವಲ್ಪ ಒಡೆದಿತ್ತು, ಆದರೂ ದನಿಯಿತ್ತು. ಮೇಷ್ಟ್ರು ಅದನ್ನು ಒರೆಸಿ, ಎಲ್ಲರ ಮುಂದೆ ಚೆಲುವನಿಗೆ ನೀಡಿದರು.

ಅವನು ಕೈ ಚಾಚಲಿಲ್ಲ.

“ಚಿಕ್ಕಗೌಡ್ರು ಊದ್ಲಿ ಸಾ,” ಎಂದ. ಸ್ಕೂಲಿನ ಬಯಲಿನಲ್ಲಿ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. “ನಾನು ಊದುದ್ರೆ ತಿರ್ಗ ಸುಡ್ಬೇಕಾಯ್ತದೆ. ಪದೇ ಪದೇ ಸುಟ್ರೆ ತಡ್ಕತದಾ ಸಾ ಅದು?”

ಅದರಲ್ಲಿ ಸಿಟ್ಟಿರಲಿಲ್ಲ. ಬ್ಯೂಗಲಿನ ಮೇಲೆ ಕನಿಕರ ಇದ್ದಂತಿತ್ತು. ಮೇಷ್ಟ್ರು ಗದರಿದರು, ಪುಸಲಾಯಿಸಿದರು. ಯುದ್ಧ ನೋಡಿ ಬಂದಿದ್ದ ಆ ಮನುಷ್ಯ ಕೊನೆಗೆ ಹನ್ನೆರಡು ವರ್ಷದ ಹುಡುಗನ ಮುಂದೆ, “ನನ್ ಮುಖ ನೋಡ್ಕೊಂಡು ಊದಪ್ಪಾ,” ಎಂದರು. ಚೆಲುವ ತಲೆ ತಗ್ಗಿಸಿ ಒಂದು ಸಣ್ಣ ಡ್ರಮ್ಮನ್ನು ಎತ್ತಿಕೊಂಡು ಹಿಂದಿನ ಸಾಲಿಗೆ ಹೋಗಿ ನಿಂತ. ನಾನು ಅವನ ಹಿಂದೆ ಓಡಿ ‘ಬಾರ್ಲಾ’ ಎನ್ನಬೇಕಿತ್ತು. ಅನ್ನಲಿಲ್ಲ. ಹಾಳು ಮನಸ್ಸು ಒಳಗೊಳಗೆ, ಹಾಸನದಲ್ಲಿ ಈಗ ಊದುವವನು ನಾನೇ ಎಂದು ಲೆಕ್ಕ ಹಾಕುತ್ತಿತ್ತು.

ಹಾಸನದ ಬಯಲಿನಲ್ಲಿ ಅಷ್ಟು ಜನರನ್ನು ನಾನು ಕಂಡೇ ಇರಲಿಲ್ಲ. ಹಗ್ಗ ಎಳೆದರು, ಬಾವುಟ ಮೇಲೇರಿತು, ಮೇಷ್ಟ್ರು ಕಣ್ಸನ್ನೆ ಮಾಡಿದರು. ನಾನು ಊದಿದೆ. ಉಸ್ಸ್ ಎಂದು ಗಾಳಿ ಬಂತು. ಇನ್ನೊಮ್ಮೆ ಊದಿದೆ. ಅದೇ ಗಾಳಿ. ಬಾವುಟ ತುದಿ ಮುಟ್ಟುವ ಹೊತ್ತಿಗೆ ಅರಕಲಗೂಡಿನ ಒಬ್ಬ ಹುಡುಗ ತಾನಾಗಿಯೇ ತನ್ನ ಬ್ಯೂಗಲ್ ಎತ್ತಿ ಊದಿ ಮಾನ ಉಳಿಸಿದ. ನಾನು ತಿರುಗಿ ನೋಡಿದೆ. ಚೆಲುವ ನೆಟ್ಟಗೆ ನಿಂತು ಮುಂದೆ ನೋಡುತ್ತಿದ್ದ. ಅವನು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಬೇಲಿಯಾಚೆ, ಕಂಬಳಿ ಹೊದ್ದು ಹಿಂದಿನ ದಿನವೇ ನಡೆದು ಬಂದಿದ್ದ ಅವನಪ್ಪ ಕುತ್ತಿಗೆ ಉದ್ದ ಮಾಡಿಕೊಂಡು, ಮಗ ಯಾವಾಗ ಮುಂದೆ ಬರುತ್ತಾನೆಂದು ಇನ್ನೂ ಕಾಯುತ್ತಲೇ ಇದ್ದ. ಚೆಲುವ ಅಪ್ಪನಿಗೆ ಏನನ್ನೂ ಹೇಳಿರಲಿಲ್ಲ.

ಮರುವರ್ಷ ಚೆಲುವ ಬೇರೆ ಊರಿನ ಹಾಸ್ಟೆಲು ಸೇರಿದ. ನಾನು ಅವನನ್ನು ಮತ್ತೆ ಕಂಡದ್ದು ನಮ್ಮಿಬ್ಬರ ತಲೆಯೂ ಬೆಳ್ಳಗಾದ ಮೇಲೆ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಅಂಚೆ ಕಚೇರಿಯಲ್ಲಿದ್ದು ನಿವೃತ್ತನಾಗಿದ್ದ. ಗುರುತು ಹಿಡಿದು ಅವನೇ ಮಾತಾಡಿಸಿದ. ಕಾಫಿ ಕುಡಿದೆವು. ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಯೇ ಬಿಡುವುದೆಂದು, “ಚೆಲುವಾ, ಆ ಬ್ಯೂಗಲ್ ವಿಷಯದಲ್ಲಿ ನನ್ನಿಂದ ತಪ್ಪಾಯ್ತಪ್ಪ,” ಎಂದೆ.

“ಯಾವ್ ಬ್ಯೂಗಲ್ಲು?” ಎಂದ.

ಎಲ್ಲವನ್ನೂ ಹೇಳಿದೆ. ಹುಣಸೆಹಣ್ಣು, ಒಲೆ, ಕಲಾಯಿ ಸಾಬರು, ಹಾಸನ. ಯಾರದೋ ಕತೆ ಕೇಳುವಂತೆ ಕೇಳಿದ.

“ಅಂಗಾಗಿತ್ತಾ?” ಎಂದ. “ನಾವು ಮುಟ್ಟಿದ್ದು ಎಷ್ಟ್ ತೊಳುದ್ರೋ, ಎಷ್ಟ್ ಸುಟ್ರೋ, ಯಾವ್ದು ಅಂತ ಗ್ಯಾಪ್ಕ ಮಡಿಕಳಾದು ಯೋಳಿ. ಆದ್ರೆ ಬ್ಯೂಗಲ್ ಊದ್ತಿದ್ದೋರು ನೀವಲ್ವಾ? ನಾನು ಡ್ರಮ್ಮು. ಇಂದಿನ ಸಾಲ್ನಲ್ಲಿ ಡ್ರಮ್ಮು ಬಡೀತಿದ್ದೆ.”

ಬೈಯುತ್ತಾನೆ, ಇಲ್ಲವೇ ಹೋಗಲಿ ಬಿಡಿ ಎನ್ನುತ್ತಾನೆ ಎಂದುಕೊಂಡಿದ್ದೆ. ಈ ಉತ್ತರವನ್ನು ನೆನೆಸಿರಲಿಲ್ಲ.

ಆ ಬ್ಯಾಂಡ್ ಸೆಟ್ಟುಗಳೆಲ್ಲ ಈಗ ಇಲ್ಲ. ನಮ್ಮ ಸ್ಕೂಲಿನ ಡ್ರಮ್ಮಿನ ಚರ್ಮ ಇಲಿ ತಿಂದು, ಅದರ ಸುತ್ತಿನ ಬಳೆ ಮಾತ್ರ ಬಹಳ ದಿನ ಅಟ್ಟದ ಮೇಲಿತ್ತಂತೆ. ಮೇಷ್ಟ್ರು ಹೋದರು, ಅಜ್ಜಿ ಹೋದಳು. ಈಗ ಮೈಕಿನ ಪೆಟ್ಟಿಗೆಯ ಗುಂಡಿ ಒತ್ತಿದರೆ ಬ್ಯೂಗಲ್ ಸದ್ದು ಬರುತ್ತದೆ, ಮಕ್ಕಳು ಸೆಲ್ಯೂಟ್ ಹೊಡೆಯುತ್ತಾರೆ. ಇವೆಲ್ಲ ಕಾಲ ಹೋದ ಹಾಗೆ ಹೋದವು, ಅದಕ್ಕೆ ನಾನು ಕಣ್ಣೀರಿಡುವುದಿಲ್ಲ. ಆದರೆ ಎತ್ತುಗಳನ್ನು ನಿಲ್ಲಿಸುತ್ತಿದ್ದ ಆ ಸ್ವರ, ಅದನ್ನು ಊದಿದವನ ನೆನಪಿನಲ್ಲೇ ಇಲ್ಲ.

“ನೀನೇ ಕಣೋ ಊದ್ತಿದ್ದದ್ದು,” ಎಂದೆ ಅವತ್ತು, ಅವನ ಕೈ ಹಿಡಿದುಕೊಂಡು. “ನಿನ್ನಂಗೆ ಊದೋರು ಈ ಸುತ್ತಿನಲ್ಲೇ ಇರಲಿಲ್ಲ.”

ಅವನು ನಗುತ್ತಾ ಕೈ ಬಿಡಿಸಿಕೊಂಡು ಬಸ್ಸು ಹತ್ತಿದ. ಅವನು ನಂಬಲಿಲ್ಲ.