ನರ್ಸಮ್ಮನ ಪ್ರಾರ್ಥನೆಗೆ ಹತ್ತು ಜನ

ಮನೆಯೊಳಗೆ ಹೋಗುವಾಗ ನರ್ಸಮ್ಮ ಬಲಗೈಯ ಎರಡು ಬೆರಳುಗಳನ್ನು ಬಾಗಿಲ ಚೌಕಟ್ಟಿಗೆ ತಾಗಿಸಿ, ಅವನ್ನೇ ತುಟಿಗೆ ಒತ್ತಿಕೊಳ್ಳುತ್ತಿದ್ದರು. ಅಲ್ಲಿ ಕಿರುಬೆರಳುದ್ದದ ಹಿತ್ತಾಳೆ ಕೊಳವೆಯೊಂದನ್ನು ಓರೆಯಾಗಿ ಜಡಿದಿದ್ದರು. ಒಳಗೆ ದೇವರ ಮಾತು ಬರೆದ ಚರ್ಮದ ಸುರುಳಿ ಇದೆಯಂತೆ. ಕೈಯಲ್ಲಿ ತರಕಾರಿ ಚೀಲವಿದ್ದರೆ ಅದನ್ನು ಎಡಗೈಗೆ ದಾಟಿಸಿಯಾದರೂ ಮುಟ್ಟುತ್ತಿದ್ದರು. ಮುಟ್ಟಿ ಮುಟ್ಟಿ ಕೊಳವೆಯ ನಡುಭಾಗ ಮಾತ್ರ ಬೆಳಗಿದಂತೆ ಹೊಳೆಯುತ್ತಿತ್ತು.

ನಾನು ಅರಸೀಕೆರೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ಅವರು ರೈಲ್ವೆ ಆಸ್ಪತ್ರೆಯಲ್ಲಿ ನರ್ಸ್, ಅವರ ಯಜಮಾನರು ಗೂಡ್ಸ್ ಗಾರ್ಡ್. ನಿವೃತ್ತಿಯಾದ ಮೇಲೂ ಎರಡೂ ಮನೆಯವರು ಇದೇ ಊರಲ್ಲಿ ಅಕ್ಕಪಕ್ಕ ಉಳಿದೆವು. ಗಂಡ ಹೆಂಡತಿ ಕೊಂಕಣ ತೀರದ ಯಹೂದ್ಯರು. ಮನೆಮಾತು ಮರಾಠಿ, ಪ್ರಾರ್ಥನೆ ಹೀಬ್ರೂ ಭಾಷೆಯಲ್ಲಿ, ರೋಗಿಗಳನ್ನು ಗದರುವುದು ಕನ್ನಡದಲ್ಲಿ. ಮಕ್ಕಳಿರಲಿಲ್ಲ. "ಈ ತಾಲ್ಲೂಕಿಗೆಲ್ಲ ನಮ್ಮೋರು ಇಬ್ರೇ ಮಾಸ್ಟರೇ," ಎಂದು ಗಾರ್ಡ್ ಸಾಹೇಬರು ನಗಿಸುತ್ತಿದ್ದರು, "ನಾವಿಬ್ರು ಜಗಳ ಆಡಿದ್ರೆ ಎರಡು ಪಂಗಡ."

ಶುಕ್ರವಾರ ಅವರ ಮನೆಯಲ್ಲಿ ನಾಲ್ಕೂವರೆಗೆಲ್ಲ ಅಡುಗೆ ಮುಗಿಯುತ್ತಿತ್ತು. ನರ್ಸಮ್ಮ ಸ್ನಾನ ಮಾಡಿ ಇಸ್ತ್ರಿ ಸೀರೆ ಉಟ್ಟು, ಗಾಜಿನ ಲೋಟದಲ್ಲಿ ಅರ್ಧ ನೀರು, ಅದರ ಮೇಲೆ ನಮ್ಮೂರಿನದೇ ಕೊಬ್ಬರಿ ಎಣ್ಣೆ ಹಾಕಿ ಬತ್ತಿ ತೇಲಿಬಿಡುತ್ತಿದ್ದರು. ಸೂರ್ಯ ಮುಳುಗಲು ಹದಿನೆಂಟು ನಿಮಿಷ ಇರುವಾಗ ದೀಪ ಹಚ್ಚಬೇಕು. ನಾನು ಜಗಲಿಯಲ್ಲಿ ಕುಳಿತು ಗಡಿಯಾರ ನೋಡುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಒಂದು ಸಲವೂ ತಡವಾದದ್ದು ಕಾಣೆ. ಅಲ್ಲಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಒಲೆ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ. ಯಾರಿಗಾದರೂ ಎದೆನೋವು ಎಂದರೆ ಮಾತ್ರ ಓಡುತ್ತಿದ್ದರು. "ಜೀವ ಉಳಿಸೋದಕ್ಕೆ ಶನಿವಾರ ಅಡ್ಡ ಬರಲ್ಲ," ಎನ್ನುತ್ತಿದ್ದರು.

ಆ ದೀಪದ ನೆನಪು ನನಗೆ ಕನಸಿನ ಹಾಗೆ ಉಳಿದಿದೆ. ಲೋಟದ ನೀರಿನಲ್ಲಿ ಬೆಳಕು ಅಲುಗಿ ಅವರ ಮನೆಯ ಮಾಡಿನ ಮೇಲೆಲ್ಲ ಸಣ್ಣ ಅಲೆಗಳು ಏಳುತ್ತಿದ್ದವು. ಕಿಟಕಿಯಿಂದ ನೋಡಿದರೆ ಇಡೀ ಮನೆ ತಿಳಿನೀರಿನೊಳಗೆ ಇದೆ ಎನ್ನಿಸುತ್ತಿತ್ತು. ದೂರದಲ್ಲಿ ಯಾವುದೋ ಗೂಡ್ಸ್ ಗಾಡಿ ಶಂಟಿಂಗ್ ಮಾಡುತ್ತಿದ್ದ ಸದ್ದು ಕೂಡ ಆ ಹೊತ್ತಿನಲ್ಲಿ ಮೆತ್ತಗೆ ಕೇಳಿಸುತ್ತಿತ್ತು.

ಕೊರೊನಾದ ಮೊದಲ ವರ್ಷ, ಬೇಸಿಗೆಯಲ್ಲಿ, ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತವು. ನನ್ನ ಆಯುಸ್ಸಿನಲ್ಲಿ ಮೊದಲ ಬಾರಿಗೆ, ಅಪರೂಪಕ್ಕೊಂದು ಗೂಡ್ಸ್ ಬಿಟ್ಟರೆ, ಜಂಕ್ಷನ್ನಿನಿಂದ ಸದ್ದೇ ಇಲ್ಲ. ಬೆಳಿಗ್ಗೆ ಎದ್ದರೆ ಯಾವ ಹೊತ್ತೆಂದು ತಿಳಿಯುತ್ತಿರಲಿಲ್ಲ. ಅಂಥ ಒಂದು ಮಂಗಳವಾರ ಬೆಳಗಿನ ಕಾಫಿಯ ಮುಂದೆಯೇ ಗಾರ್ಡ್ ಸಾಹೇಬರು ಎದೆ ಹಿಡಿದುಕೊಂಡು ಒರಗಿದರು. ನರ್ಸಮ್ಮ ಎದೆ ಒತ್ತಿದರು, ಉಸಿರು ಊದಿದರು. ಆಗಲಿಲ್ಲ.

ಅವರಲ್ಲಿ ಸುಡುವಂತಿಲ್ಲ, ತಡ ಮಾಡುವಂತಿಲ್ಲ. ಊರಿನ ಕ್ರೈಸ್ತರು ತಮ್ಮ ಸ್ಮಶಾನದ ಬದಿಯಲ್ಲಿ ಜಾಗ ಕೊಟ್ಟರು. ಸಂಜೆಯೊಳಗೆ ಬಿಳಿ ಬಟ್ಟೆ ಸುತ್ತಿ ಮಣ್ಣು ಮಾಡಿ ಬಂದೆವು. ನರ್ಸಮ್ಮ ಕನ್ನಡಿಗೆ ಬಟ್ಟೆ ಮುಚ್ಚಿ, ಸೀರೆಯ ಅಂಚು ಹರಿದುಕೊಂಡು ಚಾಪೆಯ ಮೇಲೆ ಕುಳಿತರು. ಏಳು ದಿನ ಹಾಗೇ ಕೂರಬೇಕು, ನೆರೆಯವರು ಊಟ ತರಬೇಕು. ಅದು ನಮ್ಮಲ್ಲೂ ಇರುವುದೇ. ನನ್ನ ಹೆಂಡತಿ ಹೊತ್ತು ಹೊತ್ತಿಗೆ ಅನ್ನ ಸಾರು ಒಯ್ದಳು.

ಬುಧವಾರ ಆಕೆಯ ಜೊತೆ ನಾನೂ ಹೋಗಿದ್ದೆ. ನರ್ಸಮ್ಮ ತಟ್ಟೆ ಮುಟ್ಟಲಿಲ್ಲ.

"ಸತ್ತವರಿಗೆ ಹೇಳೋ ಪ್ರಾರ್ಥನೆ ಒಂದಿದೆ ಅಕ್ಕಾ. ಹತ್ತು ಗಂಡಸರು ಸೇರಿದ್ರೆ ಮಾತ್ರ ಹೇಳೋದು. ಮುಂಬಯಿ ಪಕ್ಕದ ಠಾಣೆ ಊರಲ್ಲಿ ತಮ್ಮನ ಮಗ ಇದಾನೆ, ಅಲ್ಲೂ ನಮ್ಮ ಮಂದಿರ ಮುಚ್ಚಿದೆ. ನಲವತ್ತು ವರ್ಷ ಜೊತೇಲಿದ್ದವರಿಗೆ ಅದೊಂದು ಹೇಳಿಸಕ್ಕಾಗಲಿಲ್ಲ."

ಹತ್ತು ಜನ ತಾನೇ ಎಂದುಕೊಂಡೆ. ಮನೆಗೆ ಬಂದು ಪಟ್ಟಿ ಮಾಡಿದೆ. ಗುಂಪು ಸೇರಬಾರದೆಂದು ಆಜ್ಞೆ ಇತ್ತು. ಅದುವರೆಗೆ ಒಂದು ನಿಯಮವನ್ನೂ ಮುರಿದವನಲ್ಲ ನಾನು. ಗುರುವಾರ ಸಂಜೆ ಐದಕ್ಕೆ ಅವರ ಅಂಗಳದಲ್ಲಿ ಸುಣ್ಣದಿಂದ ಹತ್ತು ವೃತ್ತ ಬರೆದೆ, ಒಂದರಿಂದ ಒಂದಕ್ಕೆ ಎರಡು ಮಾರು ದೂರ. ಕೊಬ್ಬರಿ ಮಂಡಿಯವರು, ಔಷಧಿ ಅಂಗಡಿಯವರು, ಟೈಲರ್ ಸಾಬರು, ಹಳೆಯ ಗೇಟ್‌ಮನ್, ಹತ್ತಿರದ ಗಂಡಸಿ ಊರಿನಿಂದ ಸ್ಕೂಟರಿನಲ್ಲಿ ಬಂದ ನನ್ನ ಭಾವಮೈದ, ಇನ್ನು ನಾಲ್ವರು. ನಾನೂ ಸೇರಿ ಹತ್ತು. ತಲೆ ಮುಚ್ಚಬೇಕೆಂದು ಹೇಳಿ ಕಳಿಸಿದ್ದೆ. ಗೇಟ್‌ಮನ್ ಆ ಸೆಕೆಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಬಂದಿದ್ದ.

"ಏನ್ಲಾ, ಊಟಿಗೆ ಹೊಂಟಿದೀಯಾ?" ಎಂದ ಭಾವಮೈದ.

"ಸುಮ್ಕಿರಪ್ಪ. ಮನೇಲಿ ಇದೊಂದೇ ಐತೆ. ಲೇಟಾದ್ರೆ ಮಾಸ್ಟ್ರು ಕೆಂಪು ಬಾವುಟ ತೋರುಸ್ತಾರೆ."

ನರ್ಸಮ್ಮ ಬಾಗಿಲಿಗೆ ಬಂದರು. ವೃತ್ತಗಳಲ್ಲಿ ನಿಂತ ಹತ್ತು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಒಳಗೆ ಹೋಗಿ ಪುಸ್ತಕ ತಂದು ನಿಂತೇ ಓದಿದರು. ನಮಗೆ ಒಂದಕ್ಷರ ತಿಳಿಯಲಿಲ್ಲ. "ನಾನು ನಿಲ್ಲಿಸಿದಾಗ ಆಮೇನ್ ಅನ್ನಿ," ಎಂದಿದ್ದರು, ಅಂದೆವು. ಸಂಜೆಯ ಬಿಸಿಲು ತೆಂಗಿನ ಗರಿಗಳ ನಡುವಿನಿಂದ ಇಳಿದು ಎಲ್ಲರ ತಲೆಯ ಮೇಲೂ ಬಿದ್ದಿತ್ತು. ಗೇಟ್‌ಮನ್ ಅಳುತ್ತಿದ್ದ. ಆ ರಾತ್ರಿ ಅವರು ಊಟ ಮಾಡಿದರೆಂದು ನನ್ನ ಹೆಂಡತಿ ಹೇಳಿದಳು. ಕೆಲಸವೊಂದು ಸರಿಯಾಗಿ ಮುಗಿಯಿತೆಂದು ನಾನು ಮಲಗಿದೆ.

ಮಾರನೆಯ ದಿನ ಶುಕ್ರವಾರ. ದೀಪವಿರುವುದಿಲ್ಲ ಎಂದುಕೊಂಡಿದ್ದೆ. ಸರಿಯಾದ ಹೊತ್ತಿಗೆ ಕಿಟಕಿಯಲ್ಲಿ ಬೆಳಕು ಅಲುಗಿತು. ನೋಡಿದರೆ ನರ್ಸಮ್ಮ ಚಾಪೆ ಸುತ್ತಿಟ್ಟು, ಇಸ್ತ್ರಿ ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದರು. ಗಂಡ ಹೋಗಿ ನಾಲ್ಕನೆಯ ದಿನ. ನನ್ನ ಹೆಂಡತಿಗೆ ಗಾಬರಿಯಾಯಿತು.

"ದೀಪ ಹಚ್ಚಿದ ಮೇಲೆ ನಾಳೆ ನಕ್ಷತ್ರ ಕಾಣೋವರೆಗೆ ಅಳೋ ಹಾಗಿಲ್ಲ ಅಕ್ಕಾ," ಎಂದರು ಅವರು. "ಮನಸ್ಸು ಕೇಳಲ್ಲ. ಆದ್ರೆ ದಿನ ಬಂದಿದೆ, ಎದ್ದೆ. ನಾನಾಗೇ ಏಳೋದಾಗಿದ್ರೆ ಏಳ್ತಿರಲಿಲ್ಲ."

ಶನಿವಾರ ನಕ್ಷತ್ರ ಕಂಡಿತು. ಆ ದಿನವನ್ನು ಬೀಳ್ಕೊಡುವ ಅವರ ಪದ್ಧತಿಯಂತೆ ಏಲಕ್ಕಿ ಲವಂಗದ ಡಬ್ಬಿ ತೆರೆದು ಒಮ್ಮೆ ಮೂಸಿ, ಚಾಪೆ ಹಾಸಿ ಮತ್ತೆ ನೆಲಕ್ಕೆ ಕುಳಿತರು. ಆಗ ಅತ್ತರು. ದುಃಖಕ್ಕೂ ವೇಳಾಪಟ್ಟಿ ಇರಬಹುದೆಂದು ನಾನು ಮೂವತ್ತೆಂಟು ವರ್ಷದ ಸರ್ವಿಸ್‌ನಲ್ಲಿ ಯೋಚಿಸಿದವನಲ್ಲ. ಗಾಡಿಗಳಿಲ್ಲದೆ ದಿಕ್ಕು ತಪ್ಪಿದ್ದ ಆ ತಿಂಗಳುಗಳಲ್ಲಿ ನಾನೂ ಅವರ ದೀಪವನ್ನು ನೋಡಿಯೇ ವಾರವನ್ನು ಎಣಿಸಿದೆ.

ರೈಲು ಶುರುವಾದ ಮೇಲೆ ಅವರು ಠಾಣೆಗೆ ಹೋಗಿ ಬಂದರು. ಪ್ಲಾಟ್‌ಫಾರಂನಲ್ಲಿ ಚೀಲ ತೆಗೆದುಕೊಳ್ಳುತ್ತ, "ಅಲ್ಲೂ ಪ್ರಾರ್ಥನೆ ಹೇಳಿಸಿದಿರಾ?" ಎಂದು ಕೇಳಿದೆ.

"ಹೇಳಿಸಿದೆ. ಅದೇ ಮೊದಲನೇ ಸಲ ಮಾಸ್ಟರೇ."

ನನಗೆ ಅರ್ಥವಾಗಲಿಲ್ಲ.

"ಹತ್ತೂ ಜನ ನಮ್ಮೋರೇ ಆಗ್ಬೇಕು. ಅವತ್ತು ನಾನು ಓದಿದ್ದು ಬೇರೆ, ದಾವೀದ ರಾಜನ ಕೀರ್ತನೆ. ಅದನ್ನ ಯಾರ ಮುಂದೆ ಬೇಕಾದ್ರೂ ಓದಬಹುದು."

"ಅವತ್ತೇ ಹೇಳಬಾರದಿತ್ತೇ?"

"ನೀವು ಸುಣ್ಣದಲ್ಲಿ ವೃತ್ತ ಬರೆದಿದ್ರಿ. ಆ ಮನುಷ್ಯ ಮಂಕಿ ಕ್ಯಾಪ್ ಹಾಕ್ಕೊಂಡು ಬೆವರ್ತಿದ್ದ. ಹೇಗೆ ಹೇಳ್ಲಿ? ಎರಡು ದಿನದಿಂದ ಬಾಯಿಗೆ ಬರದೇ ಇದ್ದ ಕೀರ್ತನೆ ನಿಮ್ಮನ್ನ ನೋಡಿ ಬಂತು. ಸಾಕಲ್ವಾ?"

ಸಾಕೆಂದು ನನಗೆ ಅನ್ನಿಸಲಿಲ್ಲ. ತಪ್ಪು ಸಿಗ್ನಲ್ ಕೊಟ್ಟವನಂತೆ ಬಹಳ ದಿನ ಒಳಗೊಳಗೇ ಕೊರಗಿದೆ.

ಎರಡು ವರ್ಷದ ಹಿಂದೆ ತಮ್ಮನ ಮಗನ ಮನೆಗೆಂದು ಹೋದ ನರ್ಸಮ್ಮ ಅಲ್ಲೇ ತೀರಿಕೊಂಡರು. ಫೋನು ಬಂದ ದಿನವೇ ಗಾಡಿ ಹತ್ತಿದೆ. ಮರುದಿನ ಸಂಜೆ ಠಾಣೆಯ ಆ ಮನೆ ಮುಟ್ಟಿದಾಗ ತಲೆ ಮುಚ್ಚಿಕೊಂಡ ಒಂಬತ್ತು ಜನ ಸುಮ್ಮನೆ ಕಾಯುತ್ತಿದ್ದರು. ಹಿರಿಯರೊಬ್ಬರು ನನ್ನನ್ನು ಕಂಡು ಆಸೆಯಿಂದ ಎದ್ದರು. "ನಾನು ಹತ್ತರ ಲೆಕ್ಕಕ್ಕೆ ಬರುವುದಿಲ್ಲ, ನಾನು ನಿಮ್ಮವನಲ್ಲ," ಎಂದು ನನ್ನ ರೈಲ್ವೆ ಹಿಂದಿಯಲ್ಲಿ ಹೇಳಿದೆ. ಹತ್ತನೆಯವರು ಹಿಂದಿನ ಬೀದಿಯಲ್ಲಿದ್ದಾರೆ, ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿದೆ, ಮಂಡಿನೋವು, ಬರಲಾರರಂತೆ. ಕತ್ತಲಾಗುವುದರೊಳಗೆ ಹೇಳಬೇಕಂತೆ. ನಾನು ಚೀಲ ಇಳಿಸದೆ ವಿಳಾಸ ಕೇಳಿದೆ.

ಆ ಮುದುಕರ ಒಂದು ಕೈ ಕಟಾಂಜನದ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಒಂದೊಂದೇ ಮೆಟ್ಟಿಲು ಇಳಿದೆವು. ನನಗೂ ಎಪ್ಪತ್ತು ದಾಟಿದೆ. ಇಬ್ಬರೂ ಏದುಸಿರು ಬಿಡುತ್ತ ಬೀದಿ ದಾಟಿದೆವು. ಅವರನ್ನು ಒಳಗೆ ಬಿಟ್ಟು, ಕರವಸ್ತ್ರವನ್ನು ತಲೆಗೆ ಹಾಕಿಕೊಂಡು ನಾನು ಹೊರಗೆ ನಿಂತೆ. ಎಲ್ಲರೂ ಎದ್ದರು. ತಮ್ಮನ ಮಗನ ಧ್ವನಿ ಮೊದಲ ಸಾಲಿನಲ್ಲಿ ಒಡೆಯಿತು. ಎರಡನೆಯ ಸಾಲಿಗೆ ಒಂಬತ್ತು ಜನ ದನಿಗೂಡಿಸಿದರು, ಅವನು ನೆಟ್ಟಗಾಗಿ ಓದಿ ಮುಗಿಸಿದ.