ಯಾರೋ ಪ್ಲಗ್ ಕಿತ್ತಿರಬೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಇಕ್ಕಟ್ಟು ಬಾಲ್ಕನಿಯಲ್ಲಿ ತಾಯಿ ಮಗಳು ಒದ್ದೆ ಬೆಡ್‌ಶೀಟಿನ ಒಂದೊಂದು ತುದಿ ಹಿಡಿದು ಹಿಂಡುತ್ತಿದ್ದಾರೆ. ಅಮ್ಮ ತಿರುವಿದ ಕಡೆಗೇ ಮಗಳೂ ತಿರುವುತ್ತಾಳೆ, ನೀರು ಮಾತ್ರ ಇಳಿಯುವುದಿಲ್ಲ.

“ಲೇ ಗುಬ್ಬೀ, ನೀನೂ ನನ್ನ ಜೊತೆಗೇ ತಿರುಗಿದ್ರೆ ಹಿಂಡೋದು ಹೇಗೆ? ಆ ಕಡೆ ತಿರುವೇ ತಾಯಿ!”

ಎಂಟು ವರ್ಷದ ಗುಬ್ಬಿ ನಗುವ ಹೊತ್ತಿಗೆ ಒಳಗೆ ಫೋನು ಹೊಡೆದುಕೊಳ್ಳುತ್ತದೆ. ಅಮ್ಮನ ಕೈ ಒದ್ದೆ. ಮಗಳೇ ಓಡಿಹೋಗಿ ಫೋನು ತಂದು ಸ್ಪೀಕರ್ ಒತ್ತುತ್ತಾಳೆ.

“ಮೇಡಂ, ಹಿಂದಿನ ರೂಮಲ್ಲಿ ಮತ್ತೆ ನೆಟ್ ಹೋಯ್ತು. ಹನ್ನೊಂದಕ್ಕೆ ನನಗೆ ಮೀಟಿಂಗ್ ಇದೆ.”

“ಯಾರೋ ಪ್ಲಗ್ ಕಿತ್ತಿರಬೇಕು ಸಾರ್. ಒಂದ್ಸಲ ನೋಡಿ. ಆಮೇಲೆ ನಾನೇ ಬರ್ತೀನಿ.”

ಅತ್ತ ಕಡೆಯ ಗಂಡಸು ಫೋನು ಇಡುವ ಮೊದಲೇ ಮನೆಯೊಳಕ್ಕೆ ಮುಖ ತಿರುಗಿಸಿ ಕೂಗುತ್ತಾರೆ. “ಅಮ್ಮಾ! ಎಷ್ಟು ಸಲ ಹೇಳ್ಬೇಕು ನಿನಗೆ, ಅದನ್ನ ಮುಟ್ಟಬೇಡ ಅಂತ!” ದೂರದಿಂದ ಒಂದು ಮುದಿ ದನಿ: “ನಾನು ಮುಟ್ಟಿಲ್ಲ ಕಣೋ…” ಅಷ್ಟರಲ್ಲಿ ಕರೆ ಕಡಿಯುತ್ತದೆ.

ಗುಬ್ಬಿ ಫೋನು ಹಿಡಿದುಕೊಂಡೇ ಅಮ್ಮನ ಮುಖ ನೋಡುತ್ತಾಳೆ. ಏನೋ ಕೇಳಲು ಬಾಯಿ ತೆರೆಯುತ್ತಾಳೆ. “ಬಟ್ಟೆ ಹಿಡ್ಕೋ, ಹೊತ್ತಾಯ್ತು” ಎಂದು ಅಮ್ಮ ಶೀಟಿನ ತುದಿಯನ್ನು ಅವಳ ಕೈಗೆ ತುರುಕುತ್ತಾರೆ.

ಇದು ಕೆಲವು ವಾರಗಳ ಹಿಂದಿನ ಒಂದು ಬೆಳಗು. ಸುತ್ತಲಿನ ಬೀದಿಗಳಲ್ಲಿ ಗುಬ್ಬಿಯ ಅಮ್ಮನನ್ನು ಎಲ್ಲರೂ ಕರೆಯುವುದು ‘ವೈಫೈ ಅಕ್ಕ’ ಎಂದು. ಅರ್ಧ ಮನೆಗಳಿಗೆ ಇವರ ಹೆಸರೇ ಗೊತ್ತಿಲ್ಲ, ಆದರೆ ನಂಬರು ಎಲ್ಲರ ಫೋನಿನಲ್ಲೂ ಇದೆ. ಬಾಗಿಲು ತೆರೆದವರು ಇವರ ಹೆಗಲ ಮೇಲಿಂದ ಮೆಟ್ಟಿಲಿನತ್ತ ಇಣುಕಿ, “ಮೆಕ್ಯಾನಿಕ್ ಎಲ್ಲಿ?” ಎಂದು ಕೇಳುವುದು ಈಗಲೂ ಉಂಟು. “ಮೆಕ್ಯಾನಿಕ್ ಚಪ್ಪಲಿ ಬಿಡ್ತಾ ಇದ್ದಾರೆ ಅಂತೀನಿ. ನಕ್ಕು ಒಳಗೆ ಕರೀತಾರೆ” ಎನ್ನುತ್ತಾರೆ ಅಕ್ಕ.

ಇವರ ಕೆಲಸ ಹೇಳಿದಷ್ಟು ಸುಲಭವಲ್ಲ. ಈಗಿನ ದೊಡ್ಡ ಮನೆಗಳಲ್ಲಿ ಒಂದೇ ವೈಫೈ ಡಬ್ಬಿ ಸಾಲದು. ಮುಂಬಾಗಿಲ ಹತ್ತಿರ ತಾಯಿ ಡಬ್ಬಿ, ನಡುಮನೆಯಲ್ಲೊಂದು ಮರಿ, ಹಿಂದಿನ ಕೋಣೆಯಲ್ಲೊಂದು ಮರಿ. ಒಂದರ ಕೈ ಒಂದು ಹಿಡಿದು ನೆಟ್ ದಾಟಿಸುವ ಈ ಏರ್ಪಾಟಿಗೆ ಮೆಶ್ ಎನ್ನುತ್ತಾರೆ. ಇವುಗಳೊಳಗೆ ಕೂತು ನಡೆಸುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಆಗಾಗ ತಾನಾಗಿಯೇ ಅಪ್‌ಡೇಟ್ ಆಗುತ್ತದೆ. ಮನೆಯವರು ಮಲಗಿರುವಾಗ ಆಗುವ ಕೆಲಸ. ಬೆಳಗ್ಗೆ ಎದ್ದವರಿಗೆ ಕಾಣುವುದು ಪಿಳಿಪಿಳಿ ಎನ್ನುವ ಕೆಂಪು ದೀಪ ಮಾತ್ರ.

ಆ ವಾರ ಬಂದದ್ದು ಅಂಥದೇ ಒಂದು ಅಪ್‌ಡೇಟು. ಮಾಮೂಲಿ ದಿನ ನಾಲ್ಕೈದು ಮನೆ ಸುತ್ತುವ ಅಕ್ಕ ಆಗ ಹತ್ತು ಹನ್ನೆರಡು ಮನೆ ಸುತ್ತುತ್ತಿದ್ದರು. ಸೋಫಾದ ಹಿಂದೆ, ಮಂಚದ ಕೆಳಗೆ, ಕಪಾಟಿನ ತಲೆಯ ಮೇಲೆ. ಕತ್ತು ಹಿಡಿದುಕೊಂಡಿತ್ತು. “ಬಾತ್‌ರೂಮಿಗೆ ಹೋಗಲಾ ಅಂತ ಕಂಡವರ ಮನೇಲಿ ಕೇಳೋಕೆ ಸಂಕೋಚ. ಅದಕ್ಕೇ ನೀರು ಕುಡಿಯೋದೇ ಕಡಿಮೆ. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತೆ” ಎನ್ನುತ್ತಾರೆ.

ಮದುವೆಗೆ ಮುಂಚೆ ಅಕ್ಕ ಕಾಲ್ ಸೆಂಟರಿನಲ್ಲಿ ಕೂತು ಇಂಥವೇ ದೂರುಗಳಿಗೆ ಉತ್ತರ ಹೇಳುತ್ತಿದ್ದರು. ಅಲ್ಲಿ ಮೊದಲ ದಿನ ಕಲಿಸಿದ ಪಾಠವೇ ಪ್ಲಗ್ಗಿನದು. “ಯಾರೋ ಕಿತ್ತಿರ್ತಾರೆ, ಅವರಿಗೇ ಗೊತ್ತಿರಲ್ಲ. ಮೊದಲು ಅದನ್ನೇ ಕೇಳಿ ಅಂತ ಹೇಳಿಕೊಟ್ಟಿದ್ರು. ಎಷ್ಟೋ ಸಲ ಅದೇ ಆಗಿರುತ್ತೆ. ಹಂಗಾಗಿ ಆ ಮಾತು ಆಕಳಿಕೆ ಥರ ತಾನಾಗೇ ಬಂದುಬಿಡುತ್ತೆ. ನನಗೊಂದು ಹತ್ತು ನಿಮಿಷ ಪುರಸೊತ್ತು ಸಿಗುತ್ತೆ. ಆ ಹತ್ತು ನಿಮಿಷ ಆ ಮನೇಲಿ ಏನಾಗುತ್ತೆ ಅಂತ ನಾನು ಯಾವತ್ತೂ ಯೋಚನೆ ಮಾಡಿರ್ಲಿಲ್ಲ.”

ಈಗ ಆ ಮಾತನ್ನು ಅವರು ಆಡುವುದಿಲ್ಲ. “ಬಂದು ನೋಡ್ತೀನಿ” ಎಂದಷ್ಟೇ ಹೇಳಿ ಫೋನು ಇಡುತ್ತಾರೆ. ಯಾಕೆ ಎಂದು ಕೇಳಿದರೆ ಆ ದಿನದ ಕತೆಯನ್ನು ಹೇಳುತ್ತಾರೆ, ಕಣ್ಣು ನೆಲದ ಮೇಲೇ ಇರುತ್ತದೆ.

ಶಾಲೆಗೆ ರಜೆ. ಗಂಡನಿಗೆ ಬಸ್ ಡಿಪೋದಲ್ಲಿ ಬೆಳಗಿನ ಪಾಳಿ. ಹಾಗಾಗಿ ಗುಬ್ಬಿಯೂ ಚಿತ್ರ ಬಿಡಿಸುವ ಪುಸ್ತಕ ಹಿಡಿದು ಅಮ್ಮನ ಸ್ಕೂಟರ್ ಏರುತ್ತಾಳೆ. ದಾರಿಯುದ್ದಕ್ಕೂ ಮಾತಿಲ್ಲ. ಬಾಯಿ ಮುಚ್ಚಿದರೆ ಸಾಕಪ್ಪಾ ಅನ್ನಿಸುವ ಮಗಳು ಸುಮ್ಮನೆ ಕೂತಿದ್ದೇ ಅಕ್ಕನಿಗೆ ಒಂಥರಾ ಆಗುತ್ತದೆ.

ಬೆಳಗ್ಗೆ ಫೋನು ಮಾಡಿದ್ದ ಗಂಡಸೇ ಬಾಗಿಲು ತೆರೆಯುತ್ತಾರೆ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಮನೆ ಪೈಜಾಮ. ಕಿವಿಗೆ ಹೆಡ್‌ಫೋನು ಏರಿಸಿದವರೇ ಹಿಂದಿನ ಕೋಣೆಯತ್ತ ಕೈ ತೋರಿಸಿ, ಅಲ್ಲಿ ನೆಟ್ ಸಿಗದೆ ನಡುಮನೆಗೆ ತಂದುಕೊಂಡ ಮೇಜಿಗೆ ವಾಪಸಾಗುತ್ತಾರೆ.

ಆ ಕೋಣೆಯಲ್ಲಿ ಅವರ ತಾಯಿ ಮಂಚದ ತುದಿಯಲ್ಲಿ ಕೂತಿದ್ದಾರೆ. ಮಂಡಿಯ ಮೇಲೆ ಮಡಿಸಿದ ಶಾಲು. ವೈಫೈ ಡಬ್ಬಿಯ ಪ್ಲಗ್ಗಿಗೂ ಸ್ವಿಚ್ಚಿಗೂ ಅಡ್ಡಡ್ಡಲಾಗಿ ಕಂದು ಟೇಪು ಅಂಟಿಸಿದ್ದಾರೆ, ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಾಡುವ ಹಾಗೆ. ಅದೇ ಜಾಗಕ್ಕೆ ಸಿಕ್ಕಿಸಿ ಮಂಡಿನೋವಿಗೆ ಹಾಕಿಕೊಳ್ಳುವ ಹೀಟಿಂಗ್ ಪ್ಯಾಡು ಸುರುಳಿ ಸುತ್ತಿ ಕಿಟಕಿಯಲ್ಲಿ ಕೂತಿದೆ.

“ಬಾಮ್ಮ. ನಿನ್ನ ಮಗಳಾ? ಕೂತ್ಕೋ ಪುಟ್ಟಾ.” ಅಜ್ಜಿ ದನಿ ತಗ್ಗಿಸುತ್ತಾರೆ. “ನಾಲ್ಕು ದಿನದಿಂದ ಪ್ಯಾಡ್ ಹಾಕ್ಕೊಂಡಿಲ್ಲ ನಾನು. ಆದ್ರೂ ನೆಟ್ಟು ಹೋಗ್ತಾನೇ ಇದೆಯಂತೆ. ಪ್ಲಗ್ ಕೀಳ್ತಾರೆ ಅಂತ ನೀನೂ ಹೇಳಿದ್ಯಂತೆ. ನಿದ್ದೆಗಣ್ಣಲ್ಲಿ ಎದ್ದು ಮಾಡ್ತೀನೇನೋ. ವಯಸ್ಸಾಯ್ತು ನೋಡು, ನನ್ನ ಕೈ ಏನು ಮಾಡುತ್ತೆ ಅಂತ ನನಗೇ ಗೊತ್ತಾಗ್ತಿಲ್ಲ.”

ಅಕ್ಕ ಡಬ್ಬಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ತಮ್ಮ ಫೋನಿನ ಆ್ಯಪಿನಲ್ಲಿ ಅದರ ಸ್ಥಿತಿ ನೋಡುತ್ತಾರೆ. ಅಪ್‌ಡೇಟ್ ಆದ ರಾತ್ರಿಯಿಂದ ಈವರೆಗೆ ಆ ಡಬ್ಬಿಗೆ ಕರೆಂಟು ಒಂದು ಸಲವೂ ತಪ್ಪಿಲ್ಲ.

“ಒಂದ್ಸಲಾನೂ ಆಫ್ ಆಗಿಲ್ಲ…” ಅರಿವಿಲ್ಲದೆ ಮಾತು ಬಾಯಿಂದ ಜಾರುತ್ತದೆ. ಅಜ್ಜಿಗೆ ಕೇಳಿಸುವುದಿಲ್ಲ. ಪಕ್ಕದಲ್ಲಿ ಬಗ್ಗಿ ಪರದೆ ನೋಡುತ್ತಿದ್ದ ಗುಬ್ಬಿಗೆ ಕೇಳಿಸುತ್ತದೆ.

ಆಗಿದ್ದು ಇಷ್ಟೇ. ಈ ಹಿಂದಿನ ಕೋಣೆಯ ಮರಿ ನಡುಮನೆಯ ಮರಿಯ ಕೈ ಹಿಡಿಯಬೇಕೆಂದು ಅಕ್ಕನೇ ವರ್ಷದ ಹಿಂದೆ ಹೊಂದಿಸಿ ಹೋಗಿದ್ದರು. ಅಪ್‌ಡೇಟು ಆ ಹೊಂದಾಣಿಕೆಯನ್ನು ಅಳಿಸಿಹಾಕಿತ್ತು. ಮರಿ ನಡುವಿನದನ್ನು ಬಿಟ್ಟು, ಎರಡು ಗೋಡೆಯಾಚೆಯ ತಾಯಿ ಡಬ್ಬಿಯನ್ನೇ ಹಿಡಿಯಲು ಹೋಗಿ ಸೋಲುತ್ತಿತ್ತು. ಅದೇ ವಾರ ಬೇರೆ ಮನೆಗಳಲ್ಲೂ ಇದೇ ತೊಂದರೆಯನ್ನು ಅವರು ಸರಿಪಡಿಸಿದ್ದರು. ಅಂದರೆ ಬೆಳಗ್ಗೆ ಫೋನಿನಲ್ಲಿ ಪ್ಲಗ್ಗಿನ ಮಾತಾಡುವಾಗ ಕಾರಣ ಏನಿರಬಹುದು ಎಂದು ಅವರಿಗೆ ಗೊತ್ತೇ ಇತ್ತು. “ವಿವರಿಸೋಕೆ ಸೋಮಾರಿತನ” ಎನ್ನುತ್ತಾರೆ ಅಕ್ಕ. “ಬೇರೇನೂ ಅಲ್ಲ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಬಾಯಲ್ಲಿ ಆ ಮಾತು ಸಿದ್ಧ ಇತ್ತು.”

ಹನ್ನೊಂದರ ಮೀಟಿಂಗಿಗೆ ಮೊದಲೇ ಅಕ್ಕ ತಾಯಿ ಡಬ್ಬಿಯನ್ನು ಆರಿಸಿ ಹಚ್ಚುತ್ತಾರೆ. ಅದರ ದೀಪ ಬೆಳ್ಳಗೆ ನಿಂತ ಮೇಲೆ ನಡುಮನೆಯದು, ಅದೂ ನಿಂತ ಮೇಲೆ ಅಜ್ಜಿಯ ಕೋಣೆಯದು. ಮೂರನ್ನೂ ಒಟ್ಟಿಗೆ ಹಚ್ಚಿದರೆ ಮತ್ತೆ ದಾರಿ ತಪ್ಪುತ್ತವೆ, ಕಾಯಬೇಕು. ಕಾಯುವಷ್ಟು ಹೊತ್ತೂ ಗುಬ್ಬಿ ಅಮ್ಮನನ್ನೇ ನೋಡುತ್ತಾಳೆ. ಆಮೇಲೆ ಅಕ್ಕ ಅಳಿದುಹೋದ ಹೊಂದಾಣಿಕೆಯನ್ನು ಮತ್ತೆ ಕೂರಿಸುತ್ತಾರೆ. ಹಿಂದಿನ ಕೋಣೆಯಲ್ಲಿ ವಿಡಿಯೊ ತಡೆಯಿಲ್ಲದೆ ಓಡುತ್ತದೆ.

“ಏನಾಗಿತ್ತು ಮೇಡಂ?” ಅಜ್ಜಿಯ ಮಗ ಹೆಡ್‌ಫೋನು ಕತ್ತಿಗಿಳಿಸಿ ಬಾಗಿಲವರೆಗೆ ಬರುತ್ತಾರೆ. ಹಿಂದೆಯೇ ಅಜ್ಜಿ, ಗೋಡೆ ಹಿಡಿದುಕೊಂಡು.

“ಅಪ್‌ಡೇಟ್ ಆದ್ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು ಸಾರ್. ಸರಿ ಮಾಡಿದ್ದೀನಿ.”

“ಸದ್ಯ! ಅದರ ಮೇಲೆ ನಮ್ಮಮ್ಮನ ಕೈಚಳಕ ಬೇರೆ. ಮುಂದಿನ ವಾರ ಡಾಕ್ಟರಿಗೆ ತೋರಿಸ್ತೀವಿ. ಮರೆವು ಜಾಸ್ತಿ ಆಗಿದೆ ಇವರಿಗೆ. ಮಾಡಿದ್ದೇ ನೆನಪಿರಲ್ಲ, ಮಾಡಿಲ್ಲ ಅಂತ ವಾದ ಬೇರೆ.”

ಅಜ್ಜಿ ವಾದ ಮಾಡುವುದಿಲ್ಲ. ತಪ್ಪು ಮಾಡಿದ ಮಗುವಿನಂತೆ ಸಣ್ಣಗೆ ನಗುತ್ತಾರೆ. “ಹೌದಮ್ಮ, ಇನ್ಮೇಲೆ ಆ ಕಡೆ ಹೋಗಲ್ಲ.”

ಆ ನಗು ನೋಡಲಾಗದೆ ಅಕ್ಕ ಚಪ್ಪಲಿಯತ್ತ ಬಗ್ಗುತ್ತಾರೆ. ನೋಡದೆಯೇ ಹೇಳಿಬಿಟ್ಟೆ ಎಂದರೆ ಇವರು ಏನಂದುಕೊಳ್ಳುತ್ತಾರೆ? ಪಕ್ಕದ ಮನೆಗೂ, ಮೇಲಿನ ಮನೆಗೂ ಇವರೇ ತಾನೆ ನಂಬರು ಕೊಟ್ಟದ್ದು? “ಅಷ್ಟೆಲ್ಲ ಲೆಕ್ಕ ಹಾಕಿದೆ ನೋಡಿ” ಎನ್ನುತ್ತಾರೆ ಅಕ್ಕ ಈಗ. “ಆ ತಾಯಿ ತನ್ನ ತಲೆ ಕೆಟ್ಟಿದೆ ಅಂತ ನಂಬ್ಕೊಂಡು ನನ್ನ ಮುಂದೆ ನಿಂತಿದ್ರು. ನನ್ನ ಬಾಯಿಂದ ಬಂದಿದ್ದು ಏನು ಗೊತ್ತಾ? ‘ಏನಾದ್ರೂ ತೊಂದ್ರೆ ಆದ್ರೆ ಫೋನ್ ಮಾಡಿ ಸಾರ್.’ ಅಷ್ಟೇ.”

ಒಂದು ಕಾಲಿಗೆ ಚಪ್ಪಲಿ ಏರಿದೆ. ಅಜ್ಜಿಯ ಮಗ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಾರೆ. ಗುಬ್ಬಿ ಮಾತ್ರ ಹೊಸ್ತಿಲ ಒಳಗೇ, ಅಜ್ಜಿಯ ಪಕ್ಕ ನಿಂತಿದ್ದಾಳೆ. ಬೆಳಗಿನಿಂದ ತಡೆದುಕೊಂಡದ್ದು ಇನ್ನು ತಡೆಯಲಾಗದೆ, ಎಲ್ಲರಿಗೂ ಕೇಳುವಂತೆ ಕೇಳುತ್ತಾಳೆ:

“ಅಮ್ಮಾ, ಅಜ್ಜಿ ಪ್ಲಗ್ ಕಿತ್ತಿಲ್ಲ ಅಂತ ನಿಂಗೆ ಗೊತ್ತಲ್ಲಾ, ಮತ್ಯಾಕೆ ಹೇಳ್ತಾ ಇಲ್ಲ?”